ಫೋಟೊದ ಕೆಳಗಿನ ಪದ

ವಿಜಯನಗರದ ಸಮುದಾಯ ಭವನದಲ್ಲಿ ನಮ್ಮವರ ವಧೂವರರ ಸಮಾವೇಶ ನಡೆದಾಗ ಲ್ಯಾಪ್‌ಟಾಪ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ದುಡಿದು ನಿವೃತ್ತನಾದವನು ನಾನು. ಪ್ರತಿ ವಸ್ತುವಿಗೂ ಸರಿಯಾದ ಹೆಸರು ಇರಬೇಕು ಎನ್ನುವವನು. ಆ ಸಲ ಕೆಲಸ ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣವೂ ಇತ್ತು. ಮಗ ತೀರಿಕೊಂಡು ಮೂರು ವರ್ಷವಾಗಿತ್ತು. ಸೊಸೆಗೆ ಇನ್ನೊಂದು ಮದುವೆ ಮಾಡಬೇಕೆಂದು ನಾನೂ ನನ್ನ ಹೆಂಡತಿಯೂ ಅವಳನ್ನು ಹೇಗೋ ಒಪ್ಪಿಸಿ, ಮಾರೇನಹಳ್ಳಿಯಿಂದ ಆಟೊದಲ್ಲಿ ಕರೆತಂದಿದ್ದೆವು.

ಪರದೆಯ ಮೇಲೆ ಫೋಟೊ ತೋರಿಸುವ ಪ್ರೋಗ್ರಾಂ ಪ್ರತಿ ಫೋಟೊದ ಕೆಳಗೆ ಫೈಲಿನ ಹೆಸರನ್ನೇ ಹಾಕುತ್ತಿತ್ತು. ಸಭೆ ಸೇರುವ ಮೊದಲು ಒಮ್ಮೆ ಓಡಿಸಿ ನೋಡಿದೆ. ಸೊಸೆಯ ಮುಖದ ಕೆಳಗೆ ಅವಳ ಹೆಸರು, ಎಂ.ಎಸ್ಸಿ., ಆಮೇಲೆ 'ವಿಧವೆ' ಎಂದು ಬಂತು. ಅರ್ಜಿಗಳನ್ನು ನೋಡಿ, ಹೆಂಡತಿ ತೀರಿಕೊಂಡಿದ್ದ ಗಂಡಸರ ಫೋಟೊಗಳನ್ನೂ ಹುಡುಕಿ ತೆರೆದೆ. ಅವುಗಳ ಕೆಳಗೆ ಹೆಸರು, ಓದು, ಕೆಲಸ. ಅಷ್ಟೆ.

ನಾವು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಅರ್ಜಿಯಲ್ಲಿ ಎಲ್ಲ ಬರೆದಿದ್ದೆವು. ಪ್ರೋಗ್ರಾಂ ಒಳಗಿನಿಂದಲೇ ಫೈಲಿನ ಹೆಸರು ಬದಲಿಸುವ ಸೌಲಭ್ಯವಿತ್ತು. ಆ ಒಂದು ಪದ ಅಳಿಸಿದೆ.

ಸಮಿತಿಯ ಕಾರ್ಯದರ್ಶಿ ನನ್ನ ಹಿಂದೆಯೇ ನಿಂತಿದ್ದರು.

"ಏನ್ ಸಾರ್ ಇದು, ನಿಮ್ಮ ಸೊಸೆಗೆ ಬೇರೆ ರೂಲ್ಸಾ?"

"ಹಾಗಾದ್ರೆ ಇವರಿಗೂ ಹಾಕೋಣ" ಎಂದು ಒಬ್ಬ ಗಂಡಸಿನ ಫೈಲಿಗೆ 'ವಿಧುರ' ಎಂದು ಸೇರಿಸಿದೆ.

"ತೆಗೀರಿ ಸಾರ್. ಅವ್ರು ನಮ್ಮ ಖಜಾಂಚಿ ತಮ್ಮ. ಎಲ್ಲರೆದುರಿಗೆ ಹಂಗೆ ಬಂದ್ರೆ ಅವ್ರಿಗೆ ಬೇಜಾರಾಗಲ್ವಾ?"

"ಇವಳಿಗೆ?"

"ಹೆಣ್ಣಿನ ವಿಷಯ ಮೊದ್ಲೇ ಗೊತ್ತಾಗ್ಬೇಕು ಸಾರ್. ಇಲ್ಲಾಂದ್ರೆ ಮೋಸ ಮಾಡಿದ್ರು ಅಂತಾರೆ. ಹಿರಿಯರು ನೀವು, ನಿಮಗೆ ನಾನು ಹೇಳ್ಬೇಕಾ?"

ಅವರೇ ಬಗ್ಗಿ ಎರಡು ಹೆಸರನ್ನೂ ಮೊದಲಿನಂತೆ ಮಾಡಿದರು.

ಸೊಸೆ ನನಗೆಂದು ತಿಂಡಿಯ ತಟ್ಟೆ ಹಿಡಿದು ಪಕ್ಕದಲ್ಲೇ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಮಾವ, ನನ್ನ ಫೋಟೊ ತೆಗೆದ್ಬಿಡಿ" ಎಂದಳು. "ಉಪ್ಪಿಟ್ಟು ಆರ್ಹೋಗ್ತಿದೆ, ತಿನ್ನಿ."

ತೆಗೆದೆ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡು, "ಒಂದು ಕಮ್ಮಿಯಾಯ್ತು. ಊಟಕ್ಕೆ ಬೇಗ ಬಿಡಬಹುದು" ಎಂದರು.

ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ಉಳಿದ ಫೋಟೊಗಳನ್ನೆಲ್ಲ ನಾನೇ ತೋರಿಸಿದೆ. ಸೊಸೆ ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಕೂತು ನೋಡಿದಳು. ಖಜಾಂಚಿಯ ತಮ್ಮನ ಫೋಟೊ ಬಂದಾಗ ಸೊಸೆಯ ಮುಂದಿನ ಸಾಲಿನಲ್ಲಿದ್ದ ಇಬ್ಬರು ತಾಯಂದಿರು ಪೆನ್ನು ತೆಗೆದು ಅವನ ಹೆಸರು ಬರೆದುಕೊಂಡರು.