ಕಾಯಿಲೆಗೆ ಮೊದಲೇ ಬಂದ ಏಳು ಹೆಸರು

ಶಕುನ, ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ತುಮಕೂರಿನ ಆರೋಗ್ಯ ಕಚೇರಿಯೊಂದರಲ್ಲಿ ನನ್ನದು ಕಂಪ್ಯೂಟರಿನ ಕೆಲಸ. ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿ ಭೇದಿ ಎಂಬ ವರದಿ ದಿನವೂ ಬರುತ್ತದೆ. ಒಂದೇ ಊರಿನಲ್ಲಿ ಅಂಕಿ ದಿಢೀರನೆ ಏರಿದರೆ ನಮ್ಮ ಡಾಕ್ಟರಿಗೆ ಹೇಳಬೇಕು. ಕಾಯಿಲೆ ಊರೆಲ್ಲ ಹಬ್ಬುವ ಮೊದಲೇ ತಡೆಯಲು ಈ ಏರ್ಪಾಡು.

ಎರಡು ವರ್ಷದ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದಿದ್ದರು. ಮೇಜಿನ ಫೋನು ಹೊಡೆದುಕೊಂಡಿತು. ಹೆಂಗಸಿನ ದನಿ. ಗುಬ್ಬಿ ಕಡೆಯ ಒಂದು ಸಣ್ಣ ಊರಿನ ಹೆಸರು ಹೇಳಿ, “ವಾಂತಿ ಭೇದಿ ಕಣವ್ವ. ಏಳು ಜನ. ಬರ್ಕೋ” ಎಂದಳು. ಹೆಸರು, ವಯಸ್ಸು, ಒಂದೊಂದಾಗಿ, ಅವಸರವಿಲ್ಲದೆ ಹೇಳಿದಳು. ಅವಳ ಹಿಂದೆ ಮಕ್ಕಳ ಗಲಾಟೆಯಾಗಲಿ, ಕೋಳಿಯ ಕೂಗಾಗಲಿ, ಏನೊಂದೂ ಕೇಳಿಸಲಿಲ್ಲ. “ನೀವ್ಯಾರು?” ಎಂದೆ. “ಬೇಗ ಬನ್ರವ್ವ” ಎಂದು ಇಟ್ಟುಬಿಟ್ಟಳು.

ಡಾಕ್ಟರು ಕೂಡಲೇ ಜೀಪು ತೆಗೆಸಿದರು. ಪಟ್ಟಿ ನನ್ನ ಕೈಯಲ್ಲಿದ್ದುದರಿಂದ ನಾನೂ ಹೋದೆ. ಆ ಊರಿನ ಆಶಾ ಕಾರ್ಯಕರ್ತೆ ಸುಶೀಲಮ್ಮ ಕಂಗಾಲಾದಳು. “ನಾನ್ ಫೋನೇ ಮಾಡಿಲ್ಲ ಸಾರ್. ಯಾರ್ಗೂ ಏನೂ ಆಗಿಲ್ಲ.”

ಏಳೂ ಜನ ಆ ಊರಿನವರೇ, ಏಳೂ ಜನ ಗಟ್ಟಿಯಾಗಿದ್ದರು. ಪಟ್ಟಿಯ ಮೊದಲನೆಯವರಾದ ಶಿವಣ್ಣ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. “ಏನವ್ವ, ಚೆನ್ನಾಗಿರೋನ್ನ ಕಾಯಿಲೆ ಪಟ್ಟಿಗೆ ಹಾಕ್ತೀಯಾ?” ಎಂದು ರೇಗಿದರು. ಅವರ ಹೆಂಡತಿ ಒಳಗಿನಿಂದ ಒಂದು ಹಿಡಿ ಉಪ್ಪು ತಂದು, ನಮ್ಮೆದುರೇ ಗಂಡನಿಗೆ ದೃಷ್ಟಿ ತೆಗೆದರು. ಕೊನೆಯ ಹೆಸರು ಸುಶೀಲಮ್ಮನ ಮಗಳದು. ಹತ್ತನೇ ಕ್ಲಾಸಿನ ಹುಡುಗಿ. ಸುಶೀಲಮ್ಮ ನನ್ನ ಮುಖ ನೋಡಲೇ ಇಲ್ಲ. ಬಂದದ್ದಾಗಿದೆ ಎಂದು ಡಾಕ್ಟರು ಟ್ಯಾಂಕಿನ ನೀರಿನ ಮಾದರಿ ತೆಗೆದುಕೊಂಡು, ಓಆರ್‌ಎಸ್ ಪೊಟ್ಟಣಗಳನ್ನು ಕೊಟ್ಟರು.

ಗುರುವಾರ ಬೆಳಿಗ್ಗೆ ಸುಶೀಲಮ್ಮನ ಫೋನು. “ಮೇಡಂ, ಶಿವಣ್ಣೋರ್ಗೆ ಶುರುವಾಗೈತೆ.” ಮಧ್ಯಾಹ್ನದ ಹೊತ್ತಿಗೆ ಎರಡನೆಯವರು, ಸಂಜೆಗೆ ಮೂರನೆಯವರು. ಬರೆದಿಟ್ಟ ಸಾಲಿನಲ್ಲೇ, ಒಬ್ಬರಾದ ಮೇಲೆ ಒಬ್ಬರು. ಶುಕ್ರವಾರ ಬೆಳಿಗ್ಗೆ ಐದನೆಯವರು ಮಲಗಿದ್ದೇ ತಡ, ಸುಶೀಲಮ್ಮ ಮಗಳನ್ನು ಕುಣಿಗಲ್ಲಿನ ತಂಗಿಯ ಮನೆಗೆ ಕರೆದುಕೊಂಡು ಹೋದಳು. ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಅತ್ತ ಊರಿನಲ್ಲಿ ಆರನೆಯವರಿಗೆ ಶುರುವಾಯಿತು. ಇತ್ತ ಕುಣಿಗಲ್ಲಿನಲ್ಲಿ, ಅದೇ ಸಂಜೆ, ಹುಡುಗಿಗೆ ವಾಂತಿ ಹತ್ತಿತು.

ಔಷಧ ಮೊದಲೇ ಊರಿನಲ್ಲಿದ್ದುದರಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಹುಡುಗಿಗೆ ಮಾತ್ರ ಎರಡು ದಿನ ಡ್ರಿಪ್ ಹಾಕಿದರು. ಚರಂಡಿಯ ಪಕ್ಕ ಪೈಪು ಒಡೆದು ನೀರು ಕೆಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು. “ಹೊರಡೋಕೆ ಮುಂಚೇನೇ ಅವಳು ಆ ನೀರು ಕುಡಿದಿರ್ತಾಳೆ” ಎಂದರು ಡಾಕ್ಟರು. ಇರಬಹುದು. ಆದರೆ ಆ ನೀರನ್ನು ಇಡೀ ಊರೇ ಕುಡಿದಿತ್ತು. ಎಂಟನೆಯವರು ಯಾಕೆ ಮಲಗಲಿಲ್ಲ?

ಡಾಕ್ಟರು ಕಚೇರಿಯ ಫೋನು ತೆಗೆದು ನೋಡಿದರು. ಬಂದ ನಂಬರುಗಳೆಲ್ಲ ಅದರಲ್ಲಿ ಉಳಿಯುತ್ತವೆ. ಮಂಗಳವಾರ ಆ ಹೊತ್ತಿಗೆ ಯಾವ ಕರೆಯೂ ಬಂದಿರಲಿಲ್ಲ. “ಆ ಊರಲ್ಲಿ ನಿಮಗೆ ಯಾರಾದ್ರೂ ಪರಿಚಯ ಇದ್ದಾರಾ?” ಎಂದು ಕೇಳಿದರು. ಅದಕ್ಕೆ ಮುಂಚೆ ನಾನು ಆ ದಾರಿಯನ್ನೇ ತುಳಿದವಳಲ್ಲ. ಅವರು ನಂಬಿದರೋ ಇಲ್ಲವೋ, ಮತ್ತೆ ಆ ಮಾತು ಎತ್ತಲಿಲ್ಲ.

ಅಂದಿನಿಂದ ಆ ಊರಿನವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಮದುವೆ ಗೊತ್ತಾದಾಗ, ಬಾಣಂತಿ ಮನೆಗೆ ಬಂದಾಗ, ಮೆಲ್ಲಗೆ ಕೇಳುತ್ತಾರೆ: “ನಮ್ಮೋರ ಹೆಸ್ರು ಏನಾರ ಬಂದೈತಾ ಮೇಡಂ?” ಇಲ್ಲ ಎನ್ನುತ್ತೇನೆ. ನಿಟ್ಟುಸಿರು ಬಿಟ್ಟು ಇಡುತ್ತಾರೆ.

ಹೋದ ವಾರ ಸುಶೀಲಮ್ಮನ ಮಗಳೇ ಮಾಡಿದ್ದಳು. ಈಗ ಕಾಲೇಜಿನಲ್ಲಿದ್ದಾಳೆ. ಅದೂ ಇದೂ ಮಾತಾಡಿ, ಕೊನೆಗೆ, “ಅಕ್ಕ, ಮತ್ತೆ ನನ್ ಹೆಸ್ರು ಬಂದ್ರೆ ನಂಗೆ ಹೇಳ್ತೀರಾ, ಮುಚ್ಚಿಡ್ತೀರಾ?” ಎಂದಳು.

ಹೇಳ್ತೀನಿ ಕಣೇ ಎಂದೆ. ನಿಜವಾಗಿ ಹೇಳುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ.