ತಪ್ಪು ನನ್ನ ಕಾಲಿನದಲ್ಲ

ನನ್ನ ಕಾರು ಕದ್ರಿಯ ಇಳಿಜಾರಿನಲ್ಲಿ ನನ್ನ ಮಾತು ಕೇಳದೆ ಓಡಿದ್ದು ಹೆಚ್ಚೆಂದರೆ ಹನ್ನೆರಡು ಸೆಕೆಂಡು. ಆ ಹನ್ನೆರಡು ಸೆಕೆಂಡಿನಲ್ಲಿ ನಿಜವಾಗಿ ನಡೆದದ್ದೇನು ಎಂದು ಊರಿಗೆ ಒಪ್ಪಿಸಲು ನನಗೆ ಏಳು ತಿಂಗಳು ಹಿಡಿಯಿತು. ಒಪ್ಪಿಸಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಗೆದ್ದವಳು ನಾನು, ವಿನಯ ತೋರಿಸುವ ಉದ್ದೇಶವೂ ನನಗಿಲ್ಲ.

ನಾನು ನರ್ಸ್. ಮಸ್ಕತ್ತಿನ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಹತ್ತೊಂಬತ್ತು ವರ್ಷ ದುಡಿದೆ, ಕಾರು ಬಿಡಲು ಕಲಿತದ್ದೂ ಅಲ್ಲೇ. ಮಂಗಳೂರಿಗೆ ಮರಳಿದ ಮೇಲೆ ಕೈಕಟ್ಟಿ ಕೂರಲು ಮನಸ್ಸಾಗದೆ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣುಗಳನ್ನು ತೊಳೆದು ಬಟ್ಟೆ ಕಟ್ಟಿ ಬರುವ ಕೆಲಸ ಹಿಡಿದೆ. ಬಲ್ಮಠದಲ್ಲಿ ಒಬ್ಬರು, ಕೂಳೂರು ಸೇತುವೆಯ ಆಚೆ ಮೂವರು. ಬಸ್ಸು ಬದಲಿಸುತ್ತ ಚೀಲ ಹೊತ್ತು ತಿರುಗಿದರೆ ದಿನಕ್ಕೆ ಒಬ್ಬರನ್ನು ನೋಡಬಹುದು ಅಷ್ಟೆ. ಹಾಗಾಗಿ ಒಂದು ಆಟೊಮ್ಯಾಟಿಕ್ ಕಾರು ಕೊಂಡೆ. ಅದರ ಕೀ ನನ್ನ ಕೈಯಲ್ಲಿದ್ದರೆ ಆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಅದು ಜುಲೈ ಕೊನೆಯ, ಆಟಿ ತಿಂಗಳ ಒಂದು ಶನಿವಾರ. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ಬಿಟ್ಟಿತ್ತು. ಪಕ್ಕದ ಸೀಟಿನಲ್ಲಿ ನನ್ನ ಗಂಡ ಕೂತಿದ್ದರು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ತಮ್ಮ ಲೆಕ್ಕ ತಪ್ಪಬಹುದೆಂಬ ಅನುಮಾನ ಒಂದು ದಿನವೂ ಬಾರದವರು. ಇಳಿಜಾರಿನಲ್ಲಿ ಒಂದು ಸ್ಕೂಟರನ್ನು ದಾಟಲು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಕಾಲು ತೆಗೆದೆ. ಕಾಲು ಮೇಲೆ ಬಂತು, ಪೆಡಲ್ ಬರಲಿಲ್ಲ.

ಎಂಜಿನ್ನಿನ ಸದ್ದು ಇಳಿಯಲಿಲ್ಲ. ಬ್ರೇಕ್ ಒತ್ತಿದೆ. ಕಾರು ಒಮ್ಮೆ ವೇಗ ತಗ್ಗಿಸಿ ಮತ್ತೆ ಮುಂದಕ್ಕೇ ಎಳೆಯಿತು. ಕೆಳಗೆ ಸ್ಟಾಪಿನಲ್ಲಿ ಒಂದು ಸಿಟಿ ಬಸ್ಸು ನಿಂತಿತ್ತು, ಅದರ ಹಿಂದಿನ ಬಾಗಿಲಿನಿಂದ ಹೆಂಗಸರು ಇಳಿಯುತ್ತಿದ್ದರು.

"ಬ್ರೇಕ್! ಬ್ರೇಕ್ ಒತ್ತು ಮಾರಾಯ್ತಿ!" ಎಂದು ಗಂಡ ಕಿರುಚಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಹೆದರಿದಾಗ ಮಾತ್ರ ಅವರಿಗೆ ಪಾಠ ಮಾಡಿದ ಕನ್ನಡ ಬರುತ್ತದೆ.

ಐಸಿಯುವಿನಲ್ಲಿ ನಮಗೆ ಕಲಿಸಿದ ಒಂದು ನಿಯಮವಿದೆ. ಉಸಿರಾಟದ ಯಂತ್ರ ಕೆಟ್ಟಂತೆ ಕಂಡರೆ ಅದರ ಗುಂಡಿಗಳನ್ನು ಒತ್ತುತ್ತ ನಿಲ್ಲಬೇಡ, ಮೊದಲು ರೋಗಿಯನ್ನು ಯಂತ್ರದಿಂದ ಬಿಡಿಸು, ಕೈಯಿಂದ ಉಸಿರು ಕೊಡು, ಯಾಕೆ ಕೆಟ್ಟಿತು ಎಂದು ಆಮೇಲೆ ನೋಡು. ಹತ್ತೊಂಬತ್ತು ವರ್ಷ ಆ ನಿಯಮ ಕೈಗೆ ಅಂಟಿಕೊಂಡಿತ್ತು. ತಲೆ ಯೋಚಿಸುವ ಮೊದಲೇ ಎಡಗೈ ಗೇರಿನ ಹಿಡಿಯನ್ನು ನ್ಯೂಟ್ರಲಿಗೆ ತಳ್ಳಿತು. ಎಂಜಿನ್ ಹುಚ್ಚು ಹಿಡಿದಂತೆ ಅರಚಿತು. ಅರಚಲಿ, ಚಕ್ರಕ್ಕೂ ಅದಕ್ಕೂ ಇನ್ನು ಸಂಬಂಧವಿಲ್ಲ. ಎರಡೂ ಕಾಲು ಬ್ರೇಕಿನ ಮೇಲಿಟ್ಟು ಎದ್ದು ನಿಂತ ಹಾಗೆ ಒತ್ತಿದೆ. ಬಸ್ಸಿನ ಹಿಂಬದಿಗೆ ಒಂದು ಕೈ ದೂರವಿರುವಾಗ ಕಾರು ನಿಂತಿತು. ಆಮೇಲೆ ಎಂಜಿನ್ ಆಫ್ ಮಾಡಿದೆ.

ಯಾರಿಗೂ ಒಂದು ಗೀರೂ ಆಗಲಿಲ್ಲ. ಕಂಡಕ್ಟರ್ ಇಳಿದು ಬಂದು ಕಿಟಕಿಗೆ ಬಗ್ಗಿ, ನಮ್ಮೂರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆಯೇ ಕರೆದ. "ಎಂತ ಬಾಯಮ್ಮ, ಬ್ರೇಕ್ ಅಂತ ಹೇಳಿ ಆಕ್ಸಿಲರೇಟರ್ ಒತ್ತಿದ್ದಾ?" ಸುತ್ತ ಸೇರಿದ್ದವರು ನಕ್ಕರು. ನನ್ನ ಗಂಡ ಹೌದೆಂಬಂತೆ ತಲೆಯಾಡಿಸಿದರು. ಕಂಡಕ್ಟರನನ್ನು ಅಂದೇ ಕ್ಷಮಿಸಿದೆ. ಆ ತಲೆಯಾಡಿಸಿದ್ದನ್ನು ಕ್ಷಮಿಸಲು ಬಹಳ ದಿನ ಬೇಕಾಯಿತು.

ಮತ್ತೆ ಸ್ಟಾರ್ಟ್ ಮಾಡಿ ನೋಡಿದರೆ ಪೆಡಲ್ ಸರಿಯಾಗಿಯೇ ಇತ್ತು. ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿ ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲಿಸುವ ರೋಗಿಯ ಹಾಗೆ.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ಗಂಡ ತಮ್ಮ ಸಿದ್ಧಾಂತ ಮಂಡಿಸಿದರು. "ಮಸ್ಕತ್ತಿನಲ್ಲಿ ಎಲ್ಲ ಲೆಫ್ಟ್ ಹ್ಯಾಂಡ್ ಗಾಡಿ ಅಲ್ವಾ? ಇವಳಿಗೆ ಕಾಲು ಕನ್‌ಫ್ಯೂಸ್ ಆಗಿದೆ." ಗಲ್ಫಿನಿಂದ ಮರಳಿದವರೇ ತುಂಬಿದ್ದ ಆ ಅಂಗಳದಲ್ಲಿ ಎಲ್ಲರೂ ಹೌದು ಹೌದು ಎಂದರು. ಒಬ್ಬರಂತೂ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನನ್ನ ಎದುರಿಗೇ ಹೇಳಿದರು. ನನಗೆ ಮೈ ಉರಿಯಿತು. ಗಾಡಿಯ ಸ್ಟೇರಿಂಗ್ ಎಡಕ್ಕಿರಲಿ ಬಲಕ್ಕಿರಲಿ, ಆಕ್ಸಿಲರೇಟರ್ ಎರಡರಲ್ಲೂ ಬಲಗಾಲಿಗೇ, ಬ್ರೇಕ್ ಅದರ ಎಡಕ್ಕೇ. ಅದಲು ಬದಲಾಗುವುದು ಕುಳಿತುಕೊಳ್ಳುವ ಬದಿ ಮಾತ್ರ. ಎರಡೂ ಕಡೆ ಕಾರು ಬಿಟ್ಟ ಗಂಡಸರಿಗೂ ಇದು ನೆನಪಾಗಲಿಲ್ಲ. ನಾನು ಹೇಳಿದಾಗ ತಮ್ಮ ತಮ್ಮ ಕಾಲು ನೋಡಿಕೊಂಡರು, ಆದರೆ ಮಾತು ಬದಲಿಸಲಿಲ್ಲ.

ಅಂದಿನಿಂದ ಕೀ ಗಂಡನ ಅಂಗಿಯ ಜೇಬು ಸೇರಿತು. ತಾನೇ ಬಿಡುತ್ತೇನೆ ಎಂದರು. "ರೋಗ ಎಂತ ಅಂತ ಗೊತ್ತಾಗುವ ತನಕ ನೀವೂ ಹತ್ತಬಾರದು," ಎಂದೆ. ಈ ಒಂದು ವಿಷಯದಲ್ಲಿ ನನ್ನ ದನಿ ಕೇಳಿ ಅವರು ಒಪ್ಪಿದರು. ನಾನು ಬಸ್ಸು ಹಿಡಿದೆ. ಕೂಳೂರಿನ ಆಚೆಯ ಮೂವರಲ್ಲಿ ಇಬ್ಬರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಫೋನ್ ಮಾಡಬೇಕಾಯಿತು. ಅವರಲ್ಲಿ ಒಬ್ಬರು, ಬೆನ್ನು ಹುಣ್ಣಾದ ಒಬ್ಬ ಅಜ್ಜಿ, "ನಿಮ್ಮ ಕೈ ನೋವು ಮಾಡುದಿಲ್ಲ ಮಗಾ, ನಾನು ಕಾಯ್ತೇನೆ" ಎಂದರು. ಫೋನ್ ಇಟ್ಟು ಅತ್ತೆ.

ಸರ್ವಿಸ್ ಸೆಂಟರಿನವರು ಬಂದು ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹೋದರು. ಎರಡು ದಿನ ಬಿಟ್ಟು ಕರೆ ಬಂತು, ನಾನೂ ಗಂಡನೂ ಹೋದೆವು. ಟೈ ಕಟ್ಟಿದ ಅಡ್ವೈಸರ್ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, "ನೋಡಿ ಮೇಡಂ, ಒಂದೂ ಫಾಲ್ಟ್ ತೋರಿಸುದಿಲ್ಲ" ಎಂದ. ಆಮೇಲೆ ನಗುತ್ತ ನನ್ನ ಕಾರಿನ ಮ್ಯಾಟ್ ಎತ್ತಿ ತೋರಿಸಿದ. "ಕಾರಣ ಇದು. ಹೊರಗಿನ ಮ್ಯಾಟ್. ಇದು ಜಾರಿ ಪೆಡಲಿಗೆ ಸಿಕ್ಕಿದೆ."

ಆ ಮ್ಯಾಟಿನ ಬಗ್ಗೆ ಹೇಳಲು ನಾಚಿಕೆಯಾಗುತ್ತದೆ. ಗಲ್ಫಿನಿಂದ ಕೊನೆಯ ಸಲ ಮರಳುವವರು ಏನನ್ನೂ ಬಿಟ್ಟು ಬರುವುದಿಲ್ಲ. ಅರ್ಧ ಮುಗಿದ ಹಾಲಿನ ಪುಡಿಯ ಡಬ್ಬವೂ ಕಾರ್ಗೋದಲ್ಲಿ ಬರುತ್ತದೆ. ನಾನು ಅಲ್ಲಿನ ಕಾರನ್ನು ಮಾರುವಾಗ ಅದರ ದಪ್ಪನೆಯ ಮ್ಯಾಟುಗಳನ್ನು ಬಿಡಲಾರದೆ ಸುತ್ತಿ ತಂದಿದ್ದೆ. ಎಡಬದಿಯ ಡ್ರೈವರಿಗೆ ಹೊಲಿದ ಮ್ಯಾಟ್ ಅದು. ನೆಲದ ಕೊಕ್ಕೆಗೆ ಸಿಕ್ಕಿಸುವ ತೂತು ಬೇರೆಲ್ಲೋ ಇತ್ತು. ನನ್ನಂಥವಳು ಅದನ್ನು ಹಾಕಲೇಬಾರದಿತ್ತು. ಅದೊಂದು ತಪ್ಪನ್ನು ಒಪ್ಪುತ್ತೇನೆ.

ಗಂಡನ ಮುಖ ಅರಳಿತು. "ನೋಡಿದ್ಯಾ, ನಿನ್ನ ತಪ್ಪಲ್ಲ, ಮ್ಯಾಟಿನ ತಪ್ಪು!" ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಂಪೆನಿಗೆ ಕೆಟ್ಟ ಹೆಸರಿಲ್ಲ, ನನ್ನ ಕಾಲಿಗೆ ಕ್ಷಮೆ ಸಿಕ್ಕಿತು, ಗಂಡ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟರು. ಜಾಬ್ ಕಾರ್ಡ್ ಎಂಬ ಅವರ ಕೆಲಸದ ಚೀಟಿಯಲ್ಲಿ 'ಗ್ರಾಹಕರು ಹಾಕಿಸಿಕೊಂಡ ಮ್ಯಾಟಿನಿಂದ ಪೆಡಲಿಗೆ ಅಡ್ಡಿ' ಎಂದು ಬರೆದಾಗಿತ್ತು. ನಾನು ಸಹಿ ಹಾಕಿದರೆ ಸೋಮವಾರವೇ ಅಜ್ಜಿಯ ಮನೆಗೆ ಹೋಗಬಹುದಿತ್ತು.

ಪೆನ್ನು ಕೈಯಲ್ಲಿ ಹಿಡಿದಿದ್ದೆ. ಆದರೆ ಆ ಶನಿವಾರ ಮ್ಯಾಟ್ ಕಾರಿನಲ್ಲಿ ಇರಲೇ ಇಲ್ಲ. ಹಿಂದಿನ ದಿನ ನೆನೆದು ತೊಪ್ಪೆಯಾಗಿದ್ದುದನ್ನು ತೊಳೆದು ತಾರಸಿಯ ಶೀಟಿನ ಕೆಳಗೆ ತಂತಿಗೆ ಹಾಕಿದ್ದೆ. ಒಣಗಿ ಮತ್ತೆ ಕಾರಿಗೆ ಬಂದದ್ದು ಭಾನುವಾರ ಸಂಜೆ. ರೋಗಿಯ ಚಾರ್ಟಿನಲ್ಲಿ ನಡೆಯದ್ದನ್ನು ನಡೆದದ್ದೆಂದು ಬರೆದರೆ ಮುಂದಿನ ಪಾಳಿಯ ನರ್ಸು ಅದನ್ನೇ ನಂಬಿ ಮದ್ದು ಕೊಡುತ್ತಾಳೆ. ಪೆನ್ನು ಕೆಳಗಿಟ್ಟೆ.

"ಅವತ್ತು ಮ್ಯಾಟ್ ತಂತಿಯ ಮೇಲಿತ್ತು. ನಾನು ಸಹಿ ಹಾಕುದಿಲ್ಲ."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಗಂಡ ಕೀಯನ್ನು ಮತ್ತೆ ಜೇಬಿಗೆ ಹಾಕಿದರು.

ಗೇಟಿನ ಬಳಿ ಒಬ್ಬ ಹಿರಿಯ ಮೆಕ್ಯಾನಿಕ್ ನಮ್ಮನ್ನು ಹಿಂಬಾಲಿಸಿ ಬಂದರು. ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತ, ತುಳು ಬೆರೆತ ಕನ್ನಡದಲ್ಲಿ ಕೇಳಿದರು. "ಬಾಯಮ್ಮ, ಸತ್ಯವಾಗಿ ಮ್ಯಾಟ್ ಇರ್ಲಿಲ್ವಾ?"

"ಇರಲಿಲ್ಲ ಅಣ್ಣ."

"ಹಾಗಾದ್ರೆ ಪೆಡಲ್ ನಿಲ್ಲುದನ್ನು ನನಗೊಮ್ಮೆ ತೋರಿಸಿ. ಕಂಪ್ಯೂಟರ್ ಎಂತದೂ ಹೇಳ್ಲಿ, ನಾನು ನನ್ನ ಕೈ ನಂಬುವವ." ತಮ್ಮ ನಂಬರ್ ಕೊಟ್ಟರು. ಆ ಏಳು ತಿಂಗಳಲ್ಲಿ, ನಡೆದದ್ದೇನೆಂದು ತಿಳಿಯಲು ನನ್ನನ್ನು ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಉಳಿದವರೆಲ್ಲ ಉತ್ತರವನ್ನೇ ತಂದಿದ್ದರು.

ಕಾರು ಮತ್ತೆ ಲಾರಿಯ ಮೇಲೆಯೇ ಮನೆಗೆ ಬಂತು. ಮ್ಯಾಟನ್ನು ಗುಜರಿಯವನಿಗೆ ಕೊಟ್ಟೆ. ಗಂಡನಿಗೆ, ಕೀ ನಿಮ್ಮಲ್ಲೇ ಇರಲಿ, ಬಾಗಿಲು ಮಾತ್ರ ಲಾಕ್ ಮಾಡಬೇಡಿ ಎಂದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪೆಡಲಿಗೆ ಚಾರ್ಟ್ ಶುರು ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಜಿನ್ ಆಫ್ ಇರುವಾಗಲೇ ಕೂತು ಪೆಡಲ್ ಅರ್ಧ ಒತ್ತಿ ಬಿಡುವುದು, ಅದು ಎದ್ದು ಬರುವ ಬಗೆಯನ್ನು ಬರೆಯುವುದು. ಬಿಸಿಲೋ ಮಳೆಯೋ ಎಂಬುದನ್ನೂ ಬರೆದೆ. ನೆರೆಯವರು ನಿಂತು ನೋಡಿದರು. ಪೆಡಲಿಗೆ ಜ್ವರ ಎಷ್ಟು ಎಂದು ಗಂಡ ದಿನವೂ ಕೇಳುತ್ತಿದ್ದರು.

ಎರಡು ವಾರದೊಳಗೆ ರೋಗದ ನಡೆ ಕಂಡಿತು. ಒಣ ದಿನಗಳಲ್ಲಿ ಪೆಡಲ್ ಟಕ್ಕೆಂದು ಬರುತ್ತಿತ್ತು. ರಾತ್ರಿಯಿಡೀ ಮಳೆ ಬಿದ್ದು, ಮುಚ್ಚಿದ ಕಾರಿನೊಳಗೆ ಗಾಜೆಲ್ಲ ಬೆವರಿದ ಬೆಳಿಗ್ಗೆ ಮಾತ್ರ ನಿಧಾನವಾಗಿ, ಅಳುಕುತ್ತ ಬರುತ್ತಿತ್ತು. ಅಂಥ ಎರಡು ಬೆಳಿಗ್ಗೆ ಅದು ಬರಲೇ ಇಲ್ಲ. ಮೊದಲ ಸಲ ನಾನು ಪೆಡಲನ್ನು ಬೆರಳಿನಿಂದ ಮೇಲೆತ್ತಿದ ಕೂಡಲೇ ಸರಿಯಾಗಿಬಿಟ್ಟಿತು. ಎರಡನೆಯ ಸಲ ನಾನು ಅಷ್ಟು ದಡ್ಡಿಯಾಗಲಿಲ್ಲ. ಮುಟ್ಟದೆ ಬಿಟ್ಟು ಹೊರಗೆ ಬಂದು ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ.

ಅವರು ಕೆಲಸಕ್ಕೆ ಹೋಗುವ ದಾರಿಯಲ್ಲೇ ಸ್ಕೂಟರ್ ತಿರುಗಿಸಿ, ರೈನ್‌ಕೋಟಿನಲ್ಲೇ ಬಂದರು. ಬಾಗಿಲ ಬಳಿ ಮೊಣಕಾಲೂರಿ ಟಾರ್ಚ್ ಬಿಟ್ಟರು. ಖಾಲಿ ನೆಲ. ಅದರ ಮೇಲೆ ಅರ್ಧ ಇಳಿದು ನಿಂತ ಪೆಡಲ್. ಗಂಡ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. ಅಣ್ಣ ಫೋನ್ ತೆಗೆದು ವೀಡಿಯೋ ಮಾಡಿದರು. ಆಮೇಲೆ ತಲೆಯೆತ್ತಿ ನನ್ನನ್ನಲ್ಲ, ನನ್ನ ಗಂಡನನ್ನು ನೋಡಿ ಹೇಳಿದರು. "ಇಲ್ಲಿ ಮ್ಯಾಟೂ ಇಲ್ಲ, ಬಾಯಮ್ಮನ ಕಾಲೂ ಇಲ್ಲ. ಮತ್ತೆ ಯಾರು ಒತ್ತಿದ್ದು ಮಾಷ್ಟ್ರೇ?"

ಮಾಷ್ಟ್ರ ಕೈಯಲ್ಲೇ ಕಾಫಿ ಆರಿಹೋಯಿತು. ನಾನು ಅಡುಗೆಮನೆಗೆ ಹೋಗಿ ಅಣ್ಣನಿಗೆ ದೋಸೆ ಹೊಯ್ದೆ. ಬಾಯಲ್ಲಿ ಹಾಡು ಬರುತ್ತಿತ್ತು.

ವೀಡಿಯೋ, ಚಾರ್ಟಿನ ಪ್ರತಿ ಮತ್ತು ನನ್ನ ಪತ್ರ ಕಂಪೆನಿಗೆ ಹೋದವು. ಸರ್ಕಾರದ ಜಾಲತಾಣದಲ್ಲೂ ದೂರು ಬರೆದೆ. ದೂರದ ಊರಿನಿಂದ ಇಬ್ಬರು ಎಂಜಿನಿಯರುಗಳು ಬಂದು ಪೆಡಲನ್ನು ಬಿಚ್ಚಿ ಚೀಲದಲ್ಲಿ ಕಟ್ಟಿ ಒಯ್ದರು. ಆಮೇಲೆ ತಿಂಗಳುಗಟ್ಟಲೆ ಮೌನ. ಪೆಡಲಿಲ್ಲದ ಕಾರು ಶೆಡ್ಡಿನಲ್ಲಿ, ನಾನು ಬಸ್ಸಿನಲ್ಲಿ. ಮಳೆ ಮುಗಿಯಿತು, ಕ್ರಿಸ್ಮಸ್ ಕಳೆಯಿತು. ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮರೆತುಹೋಗುತ್ತಿತ್ತು ಎಂದು ಗಂಡ ಒಮ್ಮೆ ಹೇಳಿದರು. ಮರೆತುಹೋಗುತ್ತಿದ್ದದ್ದು ಹೌದು, ಮುಂದಿನ ಮಳೆಯ ತನಕ.

ಫೆಬ್ರವರಿಯಲ್ಲಿ ಫೋನಿಗೆ ಸಂದೇಶ ಬಂತು. ಈ ಮಾದರಿಯ ಕಾರುಗಳನ್ನು ದುರಸ್ತಿಗಾಗಿ ರಿಕಾಲ್ ಮಾಡಲಾಗಿದೆ, ತೇವದಿಂದ ಆಕ್ಸಿಲರೇಟರ್ ಪೆಡಲ್ ಹಿಂದಕ್ಕೆ ಬಾರದಿರುವ ಸಾಧ್ಯತೆ ಇದೆ, ಉಚಿತವಾಗಿ ಬದಲಿಸಿಕೊಡುತ್ತೇವೆ. ನನ್ನ ಪತ್ರದಿಂದಲೇ ಇದಾಯಿತೆಂದು ಹೇಳಲಾರೆ. ಬೇರೆ ಊರುಗಳಲ್ಲೂ ನನ್ನಂಥವರು ಬರೆದಿರಬೇಕು. ಆದರೆ ಆ ಸಂದೇಶವನ್ನು ಹದಿನಾಲ್ಕು ಸಲ ಓದಿದೆ, ಅದರಲ್ಲಿ ನಾಲ್ಕು ಸಲ ಗಟ್ಟಿಯಾಗಿ, ಗಂಡನಿಗೆ ಕೇಳುವ ಹಾಗೆ.

ಹೊಸ ಪೆಡಲ್ ಹಾಕಿಸಲು ಹೋದ ದಿನ ಮೆಕ್ಯಾನಿಕ್ ಅಣ್ಣ ನನ್ನನ್ನು ಒಳಗೆ ಕರೆದು ಒಂದು ರಟ್ಟಿನ ಪೆಟ್ಟಿಗೆ ತೋರಿಸಿದರು. ಬಿಚ್ಚಿದ ಹಳೆಯ ಪೆಡಲುಗಳು ಅದರ ತುಂಬ ಇದ್ದವು. ಅದನ್ನು ನೋಡಿದಾಗ ಬಂದ ಸಂತೋಷ ಇಷ್ಟಷ್ಟಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಪ್ರತಿಯೊಂದರ ಮೇಲೂ ಒಂದು ಕಾಲು ಇತ್ತಲ್ಲ. ಅವುಗಳಲ್ಲಿ ಎಷ್ಟು ಕಾಲುಗಳು ಬೈಸಿಕೊಂಡವೋ, ಎಷ್ಟು ಜನ ತಪ್ಪು ತಮ್ಮದೇ ಎಂದು ನಂಬಿ ಕೀ ಕೊಟ್ಟುಬಿಟ್ಟರೋ.

ನನ್ನ ಕೀ ನನಗೆ ಬಂತು. ಮರುದಿನವೇ ಕೂಳೂರು ಸೇತುವೆ ದಾಟಿದೆ, ಗಾಜು ಇಳಿಸಿ, ಹೊಳೆಯ ಗಾಳಿಗೆ ಮುಖ ಕೊಟ್ಟು. ಅಜ್ಜಿ ಕಾದಿದ್ದರು. ಬೇರೆಯವರು ಕಟ್ಟಿದ ಬಟ್ಟೆ ನೋಡಿ ನಾನು ಬೈದದ್ದು ಅವರಿಗೆ ಬಹಳ ಹಿಡಿಸಿತು.

ಆ ಭಾನುವಾರ ಇಗರ್ಜಿಯ ಅಂಗಳದಲ್ಲಿ ಗಂಡ ಒಬ್ಬೊಬ್ಬರ ಬಳಿಯೂ ಹೋಗಿ, "ಅವಳ ಕಾಲಲ್ಲ, ಕಂಪೆನಿಯ ಪೆಡಲ್. ನಾನು ಹೇಳಿದ್ದು ತಪ್ಪು" ಎಂದು ಹೇಳಿ ಬಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಕೊನೆಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಳ ಖಾಲಿಯಾದ ಮೇಲೆ ಕಾರಿನ ಬಳಿ ಬಂದು, ಡ್ರೈವರ್ ಸೀಟಿನ ಬಾಗಿಲ ಮುಂದೆ ನಿಂತು ಸಣ್ಣ ದನಿಯಲ್ಲಿ ಹೇಳಿದರು.

"ಅವತ್ತು ನಾನು ಬಿಡ್ತಾ ಇದ್ದಿದ್ರೆ ಬ್ರೇಕ್ ಬ್ರೇಕ್ ಅಂತ ಕೂಗಿಕೊಂಡೇ ಬಸ್ಸಿಗೆ ಹೊಡೀತಿದ್ದೆ. ನನಗೆ ನ್ಯೂಟ್ರಲ್ ನೆನಪೇ ಆಗ್ತಿರಲಿಲ್ಲ. ನನಗೂ ಕಲಿಸು."

ಖಾಲಿ ಅಂಗಳದಲ್ಲೇ ಕಲಿಸಿದೆ. ಅವರು ನಿಧಾನವಾಗಿ ಕಾರು ಓಡಿಸುವುದು, ನಾನು ಚಪ್ಪಾಳೆ ತಟ್ಟುವುದು, ತಟ್ಟಿದ ಕೂಡಲೇ ಅವರು ನ್ಯೂಟ್ರಲಿಗೆ ತಳ್ಳಿ ಒಂದೇ ಬಾರಿಗೆ ಬ್ರೇಕ್ ಒತ್ತಿ ನಿಲ್ಲಿಸುವುದು. ಹತ್ತು ಸಲ ಮಾಡಿಸಿದೆ. ಎಂಟನೆಯ ಸಲಕ್ಕೆ ಅವರಿಗೆ ಸರಿಯಾಗಿ ಬಂತು. ಉಳಿದೆರಡು ಸಲ ಮಾಡಿಸಿದ್ದು ನನ್ನ ಸಂತೋಷಕ್ಕೆ.