ಅಂಬಮ್ಮನೂ ಹೊರಗೆ ಹೋಗದ ಪುಟಾಣಿಯೂ

ಮಸ್ಕಿಯ ಬೆಟ್ಟದ ಬುಡದ ಓಣಿಯಲ್ಲಿ, ಹಾಸಿಗೆ ತೋಯಿಸುವ ಕೂಸುಗಳನ್ನು ದಾರಿಗೆ ತರುವುದರಲ್ಲಿ ಅಂಬಮ್ಮನದು ಎತ್ತಿದ ಕೈ. ಯಾರ ಮನೆಯ ಕೂಸೇ ಇರಲಿ, ತಾಯಂದಿರು ಎತ್ತಿಕೊಂಡು ಸೀದಾ ಅವಳ ಮನೆಯ ಕಟ್ಟೆಗೆ ಬರುತ್ತಿದ್ದರು. ಅವಳು ಎರಡೂ ಪಾದ ಜೋಡಿಸಿ, ಅದರ ಮೇಲೆ ಕೂಸನ್ನು ಕೂರಿಸಿ, ತುಟಿ ಮುಂದೆ ಮಾಡಿ ‘ಸುಸ್ಸ್’ ಎಂದು ಶುರು ಹಚ್ಚಿಕೊಂಡಳೆಂದರೆ ಎಂಥ ಹಟಮಾರಿಯೂ ಸೋಲಲೇಬೇಕು. ಸೋಲದಿದ್ದರೆ ತೊಡೆಗೊಂದು ಸಣ್ಣ ಚಿವುಟು ಇದ್ದೇ ಇತ್ತು. ಇಂದು ಮೀಸೆ ತಿರುವಿಕೊಂಡು ಬೈಕು ಓಡಿಸುವ ಓಣಿಯ ಎಷ್ಟೋ ಗಂಡಸರು ಒಂದು ಕಾಲಕ್ಕೆ ಆ ಪಾದಗಳ ಮೇಲೆ ಕುಳಿತವರೇ. ಅಂಥ ಹೆಂಗಸು ಈಗ ಒಂದು ಮೊಳದ ನಾಯಿಮರಿಯ ಮುಂದೆ ಕೈಚೆಲ್ಲಿ ಕೂತಿದ್ದಳು.

ಅವಳ ತವರು ತುರ್ವಿಹಾಳ. ಕಾಲುವೆ ದಂಡೆಯಲ್ಲಿ ಬೆಳೆದು, ಮಸ್ಕಿಯ ಜಂಗಮರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಕರಿಬಸಯ್ಯನವರು ಸುತ್ತಲಿನ ಊರುಗಳಿಗೆ ಬೇಕಾದ ಅಯ್ಯನವರು. ತೊಟ್ಟಿಲಿಗೆ ಹಾಕುವುದರಿಂದ ಹಿಡಿದು ಮಣ್ಣಿಗೆ ಇಡುವವರೆಗೆ ಮಂದಿಗೆ ಅವರು ಬೇಕು. ಅವರಿಗೆ ಪೂಜೆ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಮನೆ, ನೀರು, ಹಿಟ್ಟು, ಬಂದುಹೋಗುವವರು, ಎಲ್ಲ ಅಂಬಮ್ಮನ ತಲೆಯ ಮೇಲೆ. ಅದನ್ನೆಲ್ಲ ಸಂಭಾಳಿಸಿ ಅವಳಿಗೆ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು: ಯಾವುದೇ ಆಗಲಿ ಸರಿಹೋಗಬೇಕಾದರೆ ಎದುರಿಗೆ ನಿಂತು, ಕಣ್ಣಿಟ್ಟು ನೋಡಬೇಕು. ಒಲೆಯ ಮೇಲಿನ ಹಾಲಿನಂತೆಯೇ ಮಕ್ಕಳೂ ಎಂದು ಅವಳ ಲೆಕ್ಕ.

ಆ ಲೆಕ್ಕ ಮೊದಲ ಸಲ ತಪ್ಪಿದ್ದು ಮಗಳ ವಿಷಯದಲ್ಲಿ. ಲಿಂಗಸುಗೂರಿಗೆ ಕೊಟ್ಟಿದ್ದ ರಾಜಶ್ರೀ ದೀಪಾವಳಿಗೆ ಬಂದವಳು ವಾಪಸು ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ಹೂಂ ಇಲ್ಲ, ಉಹೂಂ ಇಲ್ಲ. ಗಂಡ ಹೊಡೆದನೇ ಎಂದರೆ ಇಲ್ಲವೆಂದು ತಲೆಯಲ್ಲಾಡಿಸಿದಳು. ಕುಡಿಯುತ್ತಾನೆಯೇ ಎಂದರೂ ಅಷ್ಟೇ. ಹೊಸ್ತಿಲು ದಾಟಿ ಓಣಿಗೂ ಕಾಲಿಡದೆ ಒಳಕೋಣೆ ಹಿಡಿದಳು. ಅಂಬಮ್ಮ ಬಿಡುವವಳಲ್ಲ. ಮಗಳು ಉಣ್ಣಲು ಕುಳಿತಾಗಲೆಲ್ಲ ರೊಟ್ಟಿಯ ಬುಟ್ಟಿ ಹಿಡಿದು ಎದುರಿಗೇ ಕೂರುವಳು. "ಹೇಳವಾ, ನೀ ಹೇಳಲಿಲ್ಲಂದ್ರ ನಮಗ ತಿಳಿಯೂದು ಹೆಂಗ?" ಮಗಳು ಅರ್ಧ ರೊಟ್ಟಿ ಬಿಟ್ಟು ಕೈತೊಳೆದುಕೊಳ್ಳುವಳು. ಹೆತ್ತ ಮಗಳು ಎದುರಿಗಿದ್ದೂ ಮೂಕಿಯಂತಾದರೆ ಯಾವ ತಾಯಿಗೆ ತಡೆದೀತು.

ಇಂಥದರಲ್ಲಿ ಒಂದು ಮುಂಜಾನೆ ಮನೆಯ ಹೊಸ್ತಿಲಿಗೆ ತಾಗಿದ ಗಟಾರದಲ್ಲಿ ನಾಯಿಮರಿಯೊಂದು ಬಿದ್ದು ಕುಂಯ್‌ಗುಡತೊಡಗಿತು. ಯಾರೂ ಎತ್ತಲಿಲ್ಲ. ರಾಜಶ್ರೀ ಕಿಟಕಿಯಿಂದ ಕಂಡವಳು ಹೊಸ್ತಿಲ ಒಳಗೇ ನಿಂತು, ಬಾಗಿ, ಕೈ ಚಾಚಿ ಅದನ್ನು ಎತ್ತಿಕೊಂಡಳು. ಬಿಸಿನೀರು ಹಾಕಿ ತೊಳೆದು ತನ್ನ ಹಳೆಯ ಓಢಣಿಯಲ್ಲಿ ಸುತ್ತಿದಳು. ಕೆಸರು ಹೋದಮೇಲೆ ನೋಡಿದರೆ ಹುರಿದ ಪುಟಾಣಿಯ ಬಣ್ಣ. ಅಂಬಮ್ಮ ಬಯ್ಯಲೆಂದು ಅಡುಗೆಮನೆಯಿಂದ ಎದ್ದವಳಿಗೆ ಮಗಳ ದನಿ ಕೇಳಿಸಿತು. "ಥಂಡಿ ಆತೇನಲೇ ಪುಟಾಣಿ? ಅಂಜಬ್ಯಾಡ. ನಾ ಅದೀನಿ."

ಎಷ್ಟು ತಿಂಗಳಾಗಿತ್ತೋ ಆ ದನಿ ಕೇಳಿ. ಹಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿದ್ದರೂ ಅಂಬಮ್ಮ ಅಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಯ್ಯುವ ಮಾತು ಅಲ್ಲಿಗೆ ಮುಗಿಯಿತು. ಜಂಗಮರ ಮನೆಯೊಳಗೆ ನಾಯಿಯೇ ಎಂದು ಓಣಿಯಲ್ಲಿ ಗುಸುಗುಸು ಎದ್ದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮರಿಯೊಂದಿಗೆ ಆಡುತ್ತಾ ಆಡುತ್ತಾ ಮಗಳು ತನ್ನೊಂದಿಗೂ ನಾಲ್ಕು ಮಾತು ಆಡಿಯಾಳು ಎಂಬ ಆಸೆ. ಹೊರಗೆ ಕಟ್ಟೋಣವೆಂದರೆ ಓಣಿಯ ದೊಡ್ಡ ನಾಯಿಗಳು ಅದನ್ನು ಉಳಿಸುತ್ತಿರಲಿಲ್ಲ.

ಆದರೆ ಪುಟಾಣಿ ತನಗೆ ಬೇಕಾದ ಜಾಗವನ್ನು ಆರಿಸಿಕೊಂಡದ್ದು ಎಲ್ಲಿ? ಇಡೀ ಮನೆ ಬಿಟ್ಟು ಅಯ್ಯನವರ ಗದ್ದುಗೆಯ ಮೂಲೆಯಲ್ಲಿ. ಅವರು ಲಿಂಗಪೂಜೆಗೆ ಕೂರುವ ಮಣೆಯ ಪಕ್ಕದಲ್ಲೇ ಹೊಯ್ದು, ಬಾಲ ಅಲ್ಲಾಡಿಸಿಕೊಂಡು ಬರುವುದು. ಮೊದಲ ಸಲ ಕರಿಬಸಯ್ಯನವರು ಮಾತಾಡದೆ ಮತ್ತೆ ಸ್ನಾನಕ್ಕೆ ಹೋದರು. ದಿನಾ ಹಾಗೇ ಆದಮೇಲೆ ಹೆಂಡತಿಯನ್ನು ಕರೆದರು.

"ನೋಡು, ಅದಕ್ಕೂ ಜೀವ ಐತಿ, ಹೊರಗ ಒಗಿ ಅನ್ನಂಗಿಲ್ಲ ನಾ. ಆದ್ರ ಗದ್ದಿಗಿ ಮುಂದ ಇದು ನಡಿಯಂಗಿಲ್ಲ. ಅಮಾಸಿಗೆ ಮಂದಿ ಪಾದಪೂಜಿಗೆ ಬರ್ತಾರ. ಅಷ್ಟರಾಗ ಅದು ಹೊರಗ ಹೋಗೂದು ಕಲೀಬೇಕು. ಇಲ್ಲಾಂದ್ರ ದಢೇಸುಗೂರಿನ ಕನಕರಾಯ ಬರ್ತಾನಲ್ಲ, ಅವಂಗ ಭತ್ತದ ಗದ್ದಿ ಕಾಯಾಕ ನಾಯಿ ಬೇಕಾಗೇತಿ. ಅವನ ಕೂಡ ಕಳಿಸಿಬಿಡೂದು."

"ಆತ್ರೀ, ನಾ ಕಲಸ್ತೀನಿ," ಎಂದಳು ಅಂಬಮ್ಮ. ಎಷ್ಟು ಕೂಸುಗಳಿಗೆ ಕಲಿಸಿಲ್ಲ? ಅಯ್ಯನವರಿಗೆ ಅದು ಬರೀ ಮರಿಯ ಮಾತು. ಮರಿ ಹೋದರೆ ಮಗಳ ಮಾತೂ ಅದರ ಬೆನ್ನುಹತ್ತಿ ಹೋಗುತ್ತದೆ ಎಂಬುದು ಅಂಬಮ್ಮನಿಗೊಬ್ಬಳಿಗೇ ಗೊತ್ತಿತ್ತು. ಆ ಭಯಕ್ಕೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಮರುದಿನದಿಂದ ಶುರುವಾಯಿತು. ಮರಿಯ ಕೊರಳಿಗೆ ಹಗ್ಗ ಕಟ್ಟಿ, ಇನ್ನೊಂದು ಕೈಯಲ್ಲಿ ಕಸಬರಿಗೆ ಹಿಡಿದು, ಮನೆಯ ಹಿಂದಿನ ಜಾಲಿ ಬಯಲಿಗೆ ಅಂಬಮ್ಮ ಹೊರಟಳು. ಇದೇನು ಹಣೆಬರಹವೋ. ಸಂಡಾಸ ಕಟ್ಟಿಸಿಕೊಳ್ಳಿ, ಬಯಲಿಗೆ ಹೋಗಬೇಡಿ ಎಂದು ಜೀಪಿಗೆ ಮೈಕು ಕಟ್ಟಿಕೊಂಡು ಬಂದವರ ಮಾತು ಕೇಳಿ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಕಟ್ಟಿಸಿದವಳು ಅವಳೇ. ಈಗ ಬಯಲಿಗೆ ಹೋಗು ಎಂದು ನಾಯಿಗೆ ಹೇಳಿಕೊಡಲು ಬಂದು ನಿಂತಿದ್ದಳು. ಪಕ್ಕದ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದ ಉಸ್ಮಾನ್‌ಸಾಬರ ಹೆಂಡತಿ ಶಾಕೀರಾ ನಗು ತಡೆಯಲಾರದೆ, "ಅಮ್ಮಾರ, ‘ಸುಸ್ಸ್’ ಅನ್ರಿ, ನೀವು ಅಂದ್ರ ಎಲ್ಲಾರೂ ಮಾಡ್ತಾರ," ಎಂದಳು. ಅಂಬಮ್ಮ ನಗಲಿಲ್ಲ. ನಿಜಕ್ಕೂ ‘ಸುಸ್ಸ್’ ಎಂದಳು. ಮರಿ ಅವಳ ಮುಖ ನೋಡಿತು, ಕಸಬರಿಗೆ ನೋಡಿತು, ಬಾಲವನ್ನು ಕಾಲ ಸಂದಿಗೆ ಸೇರಿಸಿ ಮುದುರಿ ಕೂತಿತು. ಬಿಸಿಲೇರಿತು. ಅವಳ ಕಾಲು ಸೋತವು. ಒಂದು ಹನಿ ಬೀಳಲಿಲ್ಲ. ಬೇಸತ್ತು ಒಳಗೆ ತಂದು ಹಗ್ಗ ಬಿಚ್ಚಿದಳೋ ಇಲ್ಲವೋ, ಅದು ಗದ್ದುಗೆಯ ಮೂಲೆಗೆ ಓಡಿ ತಡೆದುಕೊಂಡದ್ದನ್ನೆಲ್ಲ ಬಿಟ್ಟಿತು.

ಅಂಬಮ್ಮ ಅದರ ಕತ್ತು ಹಿಡಿದು, ಮೂಗನ್ನು ಆ ಉಚ್ಚೆಯಲ್ಲೇ ತಿಕ್ಕಿ, ಒಂದೇಟು ಬಿಟ್ಟಳು. ಆಮೇಲೆ ನೆಲ ಒರೆಸಿ, ಶುದ್ಧಿಗೆಂದು ಗೋಮೂತ್ರ ಚಿಮುಕಿಸಿದಳು. ದಿನವೂ ಇದೇ. ಬಯಲು, ಮೂಲೆ, ಏಟು, ಗೋಮೂತ್ರ. ಹೊಡೆದಷ್ಟೂ ಮರಿ ಹೊರಗೆ ಹೋದಾಗ ಬಿಗಿಹಿಡಿಯಿತು. ಆಕಳ ಮನೆಯವರು ಗೋಮೂತ್ರ ಕೊಟ್ಟು ಕೊಟ್ಟು ಬೇಜಾರಾಗಿ, ದಿನಾ ಏನು ಮನೆಶಾಂತಿಯೇ ಎಂದು ಕೇಳತೊಡಗಿದರು. ಅಮಾವಾಸ್ಯೆ ಹತ್ತಿರ ಬಂದಂತೆ ಅಂಬಮ್ಮನ ಕೈ ಜೋರಾಯಿತು. ಸಿಟ್ಟು ಮರಿಯ ಮೇಲಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಏಟು ಬೀಳುತ್ತಿದ್ದುದು ಅದಕ್ಕೇ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಗದ್ದುಗೆಯ ಕೋಣೆ ಸಾರಿಸಿ, ರಂಗೋಲಿ ಹಾಕಿ ಮೇಲೇಳುವಷ್ಟರಲ್ಲಿ ಪುಟಾಣಿ ಅದರ ಮೇಲೇ ಹೊಯ್ದಿತ್ತು. ಅಂಬಮ್ಮನಿಗೆ ಕಣ್ಣು ಕತ್ತಲಾಯಿತು. ಕಸಬರಿಗೆಯ ಹಿಡಿ ತಿರುಗಿಸಿ ಹೊಡೆದಳು. ಮರಿ ಕಿರಿಚಿ ಮಂಚದ ಕೆಳಗೆ ನುಗ್ಗಿತು. ಮತ್ತೆ ಎತ್ತಿದ ಕೈಯನ್ನು ಯಾರೋ ಹಿಡಿದರು. ರಾಜಶ್ರೀ.

"ಸಾಕು ಬಿಡವ್ವಾ. ನೀ ಹಂಗ ಎದುರಿಗೆ ನಿಂತು ನೋಡಿದ್ರ ಅದು ಹೆಂಗ ಮಾಡತೈತಿ? ನಿನ್ನ ಕಂಡ್ರ ಅಂಜತೈತಿ. ಒಳಗ ಬಂದ್ರ ನೀನೇ ದಿನಾ ಆ ಮೂಲ್ಯಾಗ ಗೋಮೂತ್ರ ಹಾಕ್ತಿ. ಅದಕ್ಕೇನು ತಿಳಿತೈತಿ ಶುದ್ಧಿ ಗಿದ್ಧಿ? ವಾಸನಿ ಬರತೈತಿ, ಇದೇ ಜಾಗ ಅಂತ ತಿಳ್ಕೊಂತೈತಿ."

ಇಷ್ಟುದ್ದದ ಮಾತು ಮಗಳ ಬಾಯಿಂದ ಬಂದದ್ದಕ್ಕೇ ಅಂಬಮ್ಮ ಬೆರಗಾಗಿ ನಿಂತಳು. ರಾಜಶ್ರೀ ಕೈ ಬಿಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಮಂಚದ ಕಡೆಯೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಅಲ್ಲಿ ನನಗೂ ಹಂಗ ಆಗಿತ್ತು. ಸಂಡಾಸಕ್ಕ ಹೋದ್ರ ಫೋನ್ ಒಯ್ದು ಯಾರ ಜತಿ ಮಾತಾಡ್ತಿ ಅಂತ ಅತ್ತಿ ಬಾಗಲದಾಗ ನಿಂದರ್ತಿದ್ಳು. ಫೋನ್ ಅವರ ಕೈಯಾಗ ಕೊಟ್ಟು ಹೋದ್ರೂ ನಿಂದರ್ತಿದ್ಳು. ಆಮ್ಯಾಲೆ ಒಳಗಿನ ಚಿಲಕನ ತೆಗೆಸಿಬಿಟ್ರು. ಗಂಡಗ ಹೇಳಿದ್ರ, ನಮ್ಮವ್ವನ ಹೌದಲ್ಲ, ಹೊರಗಿನಾಕಿ ಏನಲ್ಲ, ಅಂದ. ಹೊಟ್ಟಿ ಕಟ್ಟಿ ಬಿಗಿದು ದವಾಖಾನಿಗೆ ಹಾಕಿದ್ರು ನನ್ನ, ಗೊತ್ತೇನು ನಿನಗ? ಯಾರೂ ಹೊಡೀಲಿಲ್ಲವ್ವಾ. ಏನಂತ ಹೇಳ್ಲಿ ನಾ? ಇಂಥ ಮಾತು ಹೆಂಗ ಹೇಳೂದು? ಇಲ್ಲಿಗೆ ಬಂದ್ರ ನೀನೂ ಉಣ್ಣುವಾಗ ಎದುರಿಗೆ ಕುಂತು, ಹೇಳು ಹೇಳು ಅಂತಿ."

ಅಂಬಮ್ಮನ ಕೈಯಿಂದ ಕಸಬರಿಗೆ ಜಾರಿತು. ತುರ್ವಿಹಾಳದಲ್ಲಿ ಹುಡುಗಿಯಾಗಿದ್ದಾಗ ಓರಗೆಯವರೊಂದಿಗೆ ಚೆಂಬು ಹಿಡಿದು ಕಾಲುವೆ ದಂಡೆಗೆ ಹೋಗುತ್ತಿದ್ದುದು, ಲಾರಿಯ ಬೆಳಕು ಬಿದ್ದೊಡನೆ ಎಲ್ಲರೂ ದಡಕ್ಕನೆ ಎದ್ದು ನಿಲ್ಲುತ್ತಿದ್ದುದು, ಮತ್ತೆ ಕುಳಿತರೆ ಏನೂ ಆಗದೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬರುತ್ತಿದ್ದುದು ನೆನಪಾಯಿತು. ಅಷ್ಟು ಗೊತ್ತಿದ್ದ ಹೆಂಗಸು, ಮಗಳ ಎದುರಿಗೆ ಇಷ್ಟು ದಿನ ಆ ಲಾರಿಯಂತೆ ದೀಪ ಹಿಡಿದುಕೊಂಡೇ ಕೂತಿದ್ದಳಲ್ಲ. ನಾಚಿಕೆಯೂ ಸಂಕಟವೂ ಒಟ್ಟಿಗೇ ನುಗ್ಗಿ ಬಂದವು. ಮಗಳನ್ನು ಅಪ್ಪಿಕೊಳ್ಳಲು ಹೋದವಳು, ಅದನ್ನೂ ಕೇಳದೆ ಮಾಡಬಾರದೇನೋ ಎನಿಸಿ ಚಾಚಿದ ಕೈ ಹಿಂದೆ ತೆಗೆದುಕೊಂಡಳು.

ಆ ದಿನ ಮೂಲೆಯನ್ನು ಸೋಪು ಹಾಕಿ ತಿಕ್ಕಿ ತೊಳೆದಳು. ಗೋಮೂತ್ರ ಹಾಕಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಂದಿ ಬರತೊಡಗಿದರು. ಕನಕರಾಯ ಬೈಕಿಗೆ ಒಂದು ಬುಟ್ಟಿ ಕಟ್ಟಿಕೊಂಡೇ ಬಂದು, ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ. ಅಂಬಮ್ಮ ಹಗ್ಗ ತೆಗೆದುಕೊಳ್ಳಲು ಹೋದರೆ ಅದು ಆಗಲೇ ಗೂಟದಲ್ಲಿರಲಿಲ್ಲ. ರಾಜಶ್ರೀ ಮರಿಯನ್ನು ಕರೆದುಕೊಂಡು ಹಿತ್ತಲ ಹೊಸ್ತಿಲು ದಾಟಿದ್ದಳು. ದೀಪಾವಳಿಯ ನಂತರ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಅಡುಗೆಮನೆಯ ಕಿಟಕಿ ಬಯಲಿಗೇ ಮುಖ ಮಾಡಿತ್ತು. ಒಂದು ಸಲ ಇಣುಕಿದರೆ ಎಲ್ಲ ಕಾಣುತ್ತಿತ್ತು. ಅಂಬಮ್ಮನ ಜೀವವೆಲ್ಲ ಆ ಕಿಟಕಿಗೆ ಎಳೆಯುತ್ತಿತ್ತು. ಅವಳು ತಿರುಗಲಿಲ್ಲ. ಒಲೆಯ ಮುಂದೆ ಕೂತು ಹಿಟ್ಟು ನಾದಿದಳು.

ಬಹಳ ಹೊತ್ತಿನ ಮೇಲೆ ಮಗಳು ಬಂದಳು. ಅಂಬಮ್ಮ ಏನೂ ಕೇಳಲಿಲ್ಲ. ರಾಜಶ್ರೀಯೇ ಹೇಳಿದಳು.

"ಹೋಗಲಿಲ್ಲವ್ವಾ. ನಾ ಆ ಕಡೆ ಮುಖ ಮಾಡಿ ಕುಂತಿದ್ದೆ. ಎರಡ ಸಲ ಕಾಲ ಮಡಚಿತು. ಶಾಕೀರಕ್ಕ ಮಾಳಿಗಿ ಮ್ಯಾಲಿಂದ ಕರದ್ಲು, ಎದ್ದುಬಿಟ್ತು." ಅವಳು ಮರಿಯ ಬೆನ್ನು ಸವರಿದಳು. "ಇನ್ನೊಂದೀಟು ದಿನ ಬಿಟ್ಟಿದ್ರ ಕಲೀತಿತ್ತು."

ಅಷ್ಟರಲ್ಲಿ ಕರಿಬಸಯ್ಯನವರು ಮಡಿಯುಟ್ಟು, ಹಣೆ ತುಂಬ ವಿಭೂತಿ ಧರಿಸಿ ಬಾಗಿಲಿಗೆ ಬಂದರು. "ಏನಾತು? ಕನಕರಾಯ ಕೇಳಾಕತ್ತಾನ. ಹೊರಗ ಹೋತೇನು ಅದು?"

ಅಂಬಮ್ಮ ಆರತಿಯ ತಾಟು ಕೈಗೆತ್ತಿಕೊಂಡಿದ್ದಳು. ಗಂಡನ ಮುಂದೆ ಅವಳು ಎಂದೂ ಸುಳ್ಳಾಡಿದವಳಲ್ಲ. ಅದರಲ್ಲೂ ಅಮಾವಾಸ್ಯೆಯ ದಿನ, ಅದರಲ್ಲೂ ಲಿಂಗದ ಮುಂದಿಡುವ ತಾಟು ಹಿಡಿದುಕೊಂಡು.

"ಹೋತ್ರೀ," ಎಂದಳು.

"ಖರೇನ? ನೀ ನೋಡಿದ್ಯೇನು?"

"ನೋಡೀನ್ರಿ. ಕಣ್ಣಾರೆ ನೋಡೀನಿ."

ಅಯ್ಯನವರು ಹೆಂಡತಿಯ ಮಾತಿಗೆ ಎರಡು ಮಾತಾಡುವವರಲ್ಲ. ತಲೆಯಾಡಿಸಿ, ಬುಟ್ಟಿ ಬಿಚ್ಚು ಮಾರಾಯ ಎಂದು ಕನಕರಾಯನಿಗೆ ಹೇಳಲು ಹೊರಗೆ ನಡೆದರು. ಅಂಬಮ್ಮ ತಾಟನ್ನು ಕೆಳಗಿಟ್ಟಳು. ನಾಳೆಯೂ ಇದೇ ಸುಳ್ಳು ಹೇಳಬೇಕಾಗುತ್ತದೆ, ನಾಡಿದ್ದೂ. ಪಾಪವೋ ಏನೋ, ಬಂದರೆ ತನಗೇ ಬರಲಿ ಎಂದುಕೊಂಡಳು.

ರಾಜಶ್ರೀ ತಾಯಿಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಮರಿಯನ್ನು ಎತ್ತಿಕೊಂಡು ಮತ್ತೆ ಬಯಲಿಗೆ ಹೋದಳು. ಅಂಬಮ್ಮ ಎದ್ದು ಹಿತ್ತಲ ಬಾಗಿಲು ಎಳೆದು, ಕಿಟಕಿಯನ್ನೂ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ರೊಟ್ಟಿ ಬಡಿಯಲು ಕುಳಿತಳು.